ಮೇಡಂ, ಇವಳಿಗೊಂದು ಡೌಟಂತೆ

ಫೆಬ್ರುವರಿ ತಿಂಗಳಲ್ಲಿ ಹತ್ತನೇ ತರಗತಿಯ ಸಂಜೆಯ ವಿಶೇಷ ತರಗತಿ ಮುಗಿಸಿ, ಕೈಗೆ ಮೆತ್ತಿದ ಸೀಮೆಸುಣ್ಣದ ಪುಡಿಯನ್ನು ಕೊಡವಿಕೊಳ್ಳುತ್ತ ಹೊರಗೆ ಬಂದರೆ ಬಾಗಿಲ ಬಳಿ ಇಬ್ಬರು ಹುಡುಗಿಯರು ನಿಂತಿರುತ್ತಾರೆ. ಒಬ್ಬಳು ಅರ್ಧ ಹೆಜ್ಜೆ ಮುಂದೆ. ಇನ್ನೊಬ್ಬಳು ಅವಳ ಬೆನ್ನಿನ ಮರೆಯಲ್ಲಿ, ಬ್ಯಾಗಿನ ಪಟ್ಟಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ, ನೆಲ ನೋಡುತ್ತ. ಮುಂದಿದ್ದವಳು ಹೇಳುತ್ತಾಳೆ: “ಮೇಡಂ, ಇವಳಿಗೊಂದು ಡೌಟಂತೆ.” ಹಾಸನ ಜಿಲ್ಲೆಯ ಹೋಬಳಿ ಕೇಂದ್ರವೊಂದರ ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತ ಬಂದಿರುವ ಈ 22 ವರ್ಷಗಳಲ್ಲಿ ಈ ವಾಕ್ಯವನ್ನು ಎಷ್ಟು ಸಲ ಕೇಳಿರಬಹುದೋ ಲೆಕ್ಕವಿಲ್ಲ. ಹತ್ತು ನಿಮಿಷದ ಹಿಂದೆ ಅದೇ ತರಗತಿಯಲ್ಲಿ ನಿಂತು “ಯಾರಿಗಾದರೂ ಅರ್ಥವಾಗದೇ ಇದೆಯೇ?” ಎಂದು ನಾನು ಮೂರು ಸಲ ಕೇಳಿದಾಗ ಇಬ್ಬರೂ ಸುಮ್ಮನಿದ್ದರು, ನಲವತ್ತು ಮಕ್ಕಳೂ ಸುಮ್ಮನಿದ್ದರು.

ಆ ವಾಕ್ಯದ ಕೊನೆಯಲ್ಲಿರುವ ‘ಅಂತೆ’ ಎಂಬ ಎರಡಕ್ಷರದ ಬಗ್ಗೆ ನಾನು ಬಹಳ ಯೋಚಿಸಿದ್ದೇನೆ. ಮತ್ತೊಬ್ಬರ ಮಾತನ್ನು ತಲುಪಿಸುವಾಗ ನಾವು ಬಳಸುವ ಈ ‘ಅಂತೆ’ ಇಲ್ಲಿ ಇಬ್ಬರ ಭಾರವನ್ನೂ ಒಟ್ಟಿಗೆ ಇಳಿಸುತ್ತದೆ. ಕೇಳುತ್ತಿರುವವಳಿಗೆ ಡೌಟಿಲ್ಲ, ಡೌಟಿರುವವಳು ಕೇಳುತ್ತಿಲ್ಲ. ಹೀಗಾಗಿ ‘ಗೊತ್ತಿಲ್ಲದವಳು’ ಎಂಬ ಹೆಸರು ಯಾರ ತಲೆಯ ಮೇಲೂ ಪೂರ್ತಿಯಾಗಿ ಬಂದು ಕೂರುವುದಿಲ್ಲ. ನಾನು ಲೆಕ್ಕವನ್ನು ಮತ್ತೆ ಬಿಡಿಸಲು ತೊಡಗಿದಾಗ ಪುಸ್ತಕದ ಮೇಲೆ ಹೆಚ್ಚು ಬಾಗುವವಳು ಮುಂದೆ ನಿಂತು ಮಾತಾಡಿದವಳೇ ಆಗಿರುವುದನ್ನೂ ಎಷ್ಟೋ ಸಲ ಕಂಡಿದ್ದೇನೆ. ಅವಳಿಗೂ ಅದೇ ಡೌಟಿತ್ತು. ಗೆಳತಿಯ ಹೆಸರಿನಲ್ಲಿ ಕೇಳುವುದು ಸುಲಭವಾಗಿತ್ತು.

ಮಕ್ಕಳು ‘ಡೌಟು’ ಎಂಬ ಪದವನ್ನು ಬಳಸುವ ರೀತಿಯಲ್ಲೂ ಒಂದು ಗುಟ್ಟಿದೆ. “ನನಗೊಂದು ಡೌಟಿದೆ” ಎಂದರೆ ಉಳಿದದ್ದೆಲ್ಲ ಗೊತ್ತಾಗಿದೆ, ಇದೊಂದು ಕಡೆ ಮಾತ್ರ ಸಿಕ್ಕಿಕೊಂಡಿದ್ದೇನೆ ಎಂದರ್ಥ. ಅದನ್ನು ಹೇಳುವುದರಲ್ಲಿ ಅವಮಾನವಿಲ್ಲ, ಚುರುಕಾದ ಹುಡುಗ ಎಂಬ ಹೆಸರೂ ಬರಬಹುದು. “ನನಗೆ ಅರ್ಥವಾಗಿಲ್ಲ” ಎಂಬುದು ಹಾಗಲ್ಲ. ಅದು ಮರ್ಯಾದೆಯ ಪ್ರಶ್ನೆ. ಡೌಟು ಹುಟ್ಟಬೇಕಾದರೆ ಮೊದಲು ಸ್ವಲ್ಪವಾದರೂ ಗೊತ್ತಿರಬೇಕು. ಎಲ್ಲಿ ದಾರಿ ತಪ್ಪಿತು ಎಂಬುದೇ ತಿಳಿಯದ ಮಗು ಏನೆಂದು ಕೇಳೀತು? ನಾನು ಕರಿಹಲಗೆಯ ಮುಂದೆ ನಿಂತು “ಕೇಳಿ, ಕೇಳಿ” ಎನ್ನುವಾಗ ಆ ಮಗುವಿಗೆ ಕೇಳುವ ಮನಸ್ಸಿಲ್ಲವೆಂದಲ್ಲ, ಅದರ ಕೈಯಲ್ಲಿ ಪ್ರಶ್ನೆಯೇ ಇರುವುದಿಲ್ಲ. ಗೆಳೆತನದ ಕೆಲಸ ಶುರುವಾಗುವುದು ಇಲ್ಲಿಂದ. ಬಿಸಿಯೂಟದ ಸಾಲಿನಲ್ಲೋ, ಬಸ್ಸಿಗೆ ಕಾಯುವಾಗಲೋ “ನಂಗೇನೂ ತಲೆಗೆ ಹೋಗ್ಲಿಲ್ಲ ಕಣೇ” ಎಂದು ಒಬ್ಬಳು ಹೇಳಿದಾಗ, “ಎಲ್ಲೀತನಕ ಗೊತ್ತಾಯ್ತು, ತೋರ್ಸು” ಎನ್ನುವ ಇನ್ನೊಬ್ಬಳು, ‘ಅರ್ಥವಾಗಿಲ್ಲ’ ಎಂಬ ದೊಡ್ಡ ಕತ್ತಲೆಯನ್ನು ಒಂದು ಸಣ್ಣ ಡೌಟಾಗಿ ಮಾಡಿಕೊಡುತ್ತಾಳೆ. ಆ ಮೇಲೆ ಇಬ್ಬರೂ ಬಾಗಿಲ ಬಳಿ ಬಂದು ನಿಲ್ಲಬಲ್ಲರು.

ಒಂದು ಉದಾಹರಣೆ ಹೇಳುತ್ತೇನೆ. ವರ್ಗ ಸಮೀಕರಣದ ಪಾಠದಲ್ಲಿ ಮಧ್ಯದ ಪದವನ್ನು ಒಡೆದು ಅಪವರ್ತಿಸುವ ಕ್ರಮವಿದೆ. ಗುಣಿಸಿದರೆ ಋಣ 10 ಬರಬೇಕು, ಕೂಡಿದರೆ ಋಣ 3 ಬರಬೇಕು, ಅಂಥ ಎರಡು ಸಂಖ್ಯೆಗಳನ್ನು ಹುಡುಕಬೇಕು. ಒಬ್ಬ ಹುಡುಗಿ ಆ ಸಂಜೆ ಗೆಳತಿಯ ಹಿಂದೆ ನಿಂತುಕೊಂಡು ತಂದಿದ್ದ ಡೌಟು ಇದೇ ಎಂದು ನಾನು ತಿಳಿದೆ. ಋಣ 5 ಮತ್ತು 2 ಎಂದು ಹೇಳಿಕೊಟ್ಟೆ, ತಲೆಯಾಡಿಸಿದಳು. ಮುಂದಿನ ಲೆಕ್ಕ ಕೊಟ್ಟೆ, ಅಲ್ಲೇ ನಿಂತಳು. ಆಗ ಗೆಳತಿ ಮೆಲ್ಲಗೆ ಹೇಳಿದಳು: “ಮೇಡಂ, ಅವಳಿಗೆ ಮೈನಸ್ಸು ಪ್ಲಸ್ಸು ಗುಣಿಸಿದ್ರೆ ಯಾವ್ದು ಬರುತ್ತೆ ಅಂತ ಗೊತ್ತಿಲ್ಲ.” ಪೂರ್ಣಾಂಕಗಳ ಚಿಹ್ನೆಯ ಆ ನಿಯಮ ಏಳನೇ ತರಗತಿಯದು. ಮೂರು ವರ್ಷ ಆ ಹುಡುಗಿ ಅದನ್ನು ಯಾರ ಬಳಿಯೂ ಕೇಳಿರಲಿಲ್ಲ. ಏಳನೇ ತರಗತಿಯಲ್ಲಿ ಕೇಳಿದ್ದರೆ ಅದು ಸಾಮಾನ್ಯ ಪ್ರಶ್ನೆ. ಎಂಟರಲ್ಲಿ ಕೊಂಚ ಮುಜುಗರ. ಹತ್ತನೇ ತರಗತಿಯ ಫೆಬ್ರುವರಿಯಲ್ಲಿ, ಪರೀಕ್ಷೆಗೆ ಐದು ವಾರ ಇರುವಾಗ, ಗಣಿತದ ಮೇಡಂ ಎದುರು “ಇದು ನನಗೆ ಗೊತ್ತಿಲ್ಲ” ಎಂದು ಬಾಯಿ ಬಿಡುವುದು ಅಸಾಧ್ಯ. ಕೇಳದೆ ಉಳಿದ ಪ್ರಶ್ನೆಗೂ ಸಾಲದ ಹಾಗೆ ಬಡ್ಡಿ ಬೆಳೆಯುತ್ತದೆ. ಆ ಗುಟ್ಟು ಗೊತ್ತಿದ್ದದ್ದು ಗೆಳತಿಗೆ ಮಾತ್ರ, ಮತ್ತು ಅದನ್ನು ಯಾವಾಗ ಹೊರಗೆ ಹೇಳಬಹುದು ಎಂಬ ಹದವೂ ಅವಳಿಗೇ ಗೊತ್ತಿತ್ತು.

ಗೆಳತಿ ಇಲ್ಲದ ಮಗುವಿನ ಕಥೆ ಬೇರೆ. ಕೆಲವು ವರ್ಷಗಳ ಹಿಂದಿನ ಪೂರ್ವಸಿದ್ಧತಾ ಪರೀಕ್ಷೆಯ ಉತ್ತರ ಪತ್ರಿಕೆಗಳನ್ನು ಮನೆಯಲ್ಲಿ ತಿದ್ದುತ್ತಿದ್ದೆ. ಒಂದು ಪತ್ರಿಕೆಯಲ್ಲಿ ಎರಡು ರೇಖಾತ್ಮಕ ಸಮೀಕರಣಗಳನ್ನು ನಕ್ಷೆಯ ಮೂಲಕ ಬಿಡಿಸುವ ನಾಲ್ಕು ಅಂಕದ ಪ್ರಶ್ನೆಗೆ ಗ್ರಾಫ್ ಹಾಳೆಯೇ ಇರಲಿಲ್ಲ. ಬದಲಿಗೆ, ಗೆರೆಯಿಲ್ಲದ ಉತ್ತರ ಹಾಳೆಯ ಮೇಲೆ ಪೆನ್ಸಿಲಿನಿಂದ, ಸ್ಕೇಲಿಟ್ಟು, ಒಂದೊಂದು ಸೆಂಟಿಮೀಟರಿಗೆ ಒಂದರಂತೆ ಅಡ್ಡ ಉದ್ದ ಗೆರೆಗಳನ್ನು ಎಳೆದು ಇಡೀ ಗ್ರಾಫ್ ಹಾಳೆಯನ್ನೇ ಆ ಮಗು ತಯಾರಿಸಿಕೊಂಡಿತ್ತು. ಅದರ ಮೇಲೆ ಎರಡು ಸರಳರೇಖೆಗಳು ಸರಿಯಾದ ಬಿಂದುವಿನಲ್ಲಿಯೇ ಸೇರಿದ್ದವು. ಮರುದಿನ ಕರೆದು ವಿಚಾರಿಸಿದೆ. ಗ್ರಾಫ್ ಹಾಳೆ ಹಂಚುವಾಗ ಅವಳ ಬೆಂಚಿಗೆ ಒಂದು ಕಡಿಮೆ ಬಂದಿತ್ತು, ಅಷ್ಟೆ. “ಕೇಳೋದಲ್ವೇನಮ್ಮಾ?” ಎಂದೆ. “ಎಲ್ರೂ ಬರೀತಿದ್ರು ಮೇಡಂ” ಎಂದಳು. ಕೊಠಡಿಯಲ್ಲಿದ್ದ ಮೇಲ್ವಿಚಾರಕರು ಅವಳಿಗೆ ದಿನವೂ ಪಾಠ ಮಾಡುವವರೇ. ಆ ಗೆರೆಗಳನ್ನು ಎಳೆಯಲು ಹಿಡಿದಿರಬಹುದಾದ ಸಮಯದಲ್ಲಿ ಅವಳು ಬಿಟ್ಟಿದ್ದ ಪ್ರಮೇಯವೊಂದನ್ನು ಬರೆಯಬಹುದಿತ್ತು. ನಾಲ್ಕಕ್ಕೆ ನಾಲ್ಕು ಅಂಕ ಕೊಟ್ಟೆ, ಆದರೆ ಆ ಪೆನ್ಸಿಲಿನ ಗೆರೆಗಳು ಇಂದಿಗೂ ನನ್ನ ಕಣ್ಣ ಮುಂದಿವೆ. ಒಂದು ಹಾಳೆ ಬೇಕು ಎಂದು ಕೈಯೆತ್ತುವುದಕ್ಕಿಂತ ಒಂದು ಹಾಳೆಯನ್ನೇ ಸೃಷ್ಟಿಸುವುದು ಅವಳಿಗೆ ಹಗುರವಾಗಿ ಕಂಡಿತ್ತು. ಆ ವರ್ಷ ಅವಳ ಹಳ್ಳಿಯಿಂದ ನಮ್ಮ ಶಾಲೆಗೆ ಬರುತ್ತಿದ್ದವಳು ಅವಳೊಬ್ಬಳೇ ಎಂಬುದು ನನಗೆ ಗೊತ್ತಾದದ್ದು ಆಮೇಲೆ.

ಇದನ್ನು ನಾವು ಸಾಮಾನ್ಯವಾಗಿ ‘ಧೈರ್ಯ ಇಲ್ಲ’ ಎಂದು ಮುಗಿಸಿಬಿಡುತ್ತೇವೆ. ಪೋಷಕರ ಸಭೆಯಲ್ಲಿ ನಾನೂ ಹಾಗೆ ಹೇಳಿದ್ದೇನೆ: “ನಿಮ್ಮ ಮಗಳು ಜಾಣೆ, ಆದರೆ ಧೈರ್ಯ ಸಾಲದು.” ಈಗ ಹಾಗೆ ಹೇಳುವುದಿಲ್ಲ. ಪ್ರತಿಭಾ ಕಾರಂಜಿಯಲ್ಲಿ ತಾಲ್ಲೂಕು ಮಟ್ಟಕ್ಕೆ ಹೋಗಿ, ನೂರಾರು ಜನರ ಮುಂದೆ ಅಳುಕಿಲ್ಲದೆ ಭಾವಗೀತೆ ಹಾಡಿ ಬಂದ ಹುಡುಗ ನನ್ನ ತರಗತಿಯಲ್ಲಿ ಒಂದು ದಿನವೂ ಬಾಯಿ ತೆರೆದವನಲ್ಲ. ಅವನಿಗೆ ಧೈರ್ಯವಿಲ್ಲವೆಂದು ಹೇಗೆ ಹೇಳಲಿ? ಅಮೆರಿಕದಲ್ಲಿ ಕೆಲಸ ಮಾಡಿದ ಮನೋವಿಜ್ಞಾನಿ ಆಲ್ಬರ್ಟ್ ಬಂಡೂರ 1977ರಲ್ಲಿ ಮಂಡಿಸಿದ ವಿಚಾರ ಇಲ್ಲಿ ನೆರವಿಗೆ ಬರುತ್ತದೆ. ಮನುಷ್ಯನಿಗೆ ಎಲ್ಲದಕ್ಕೂ ಒಂದೇ ಆತ್ಮವಿಶ್ವಾಸ ಇರುವುದಿಲ್ಲ. ‘ಈ ಕೆಲಸ ನನ್ನಿಂದ ಆಗುತ್ತದೆ’ ಎಂಬ ನಂಬಿಕೆ ಒಂದೊಂದು ಕೆಲಸಕ್ಕೆ ಒಂದೊಂದು ಬಗೆಯಾಗಿ ಇರುತ್ತದೆ. ಆ ನಂಬಿಕೆ ಬೆಳೆಯುವುದು ಮುಖ್ಯವಾಗಿ ತಾನೇ ಮಾಡಿ ಗೆದ್ದಾಗ, ಮತ್ತು ತನ್ನಂಥವರೇ ಮಾಡಿ ಗೆದ್ದುದನ್ನು ಕಂಡಾಗ. ‘ತನ್ನಂಥವರು’ ಎಂಬ ಮಾತನ್ನು ನಾನು ಅಡಿಗೆರೆ ಹಾಕಿಕೊಂಡು ಓದಿದೆ. ನಾನು ಲೆಕ್ಕ ಬಿಡಿಸಿದರೆ ಮಕ್ಕಳಿಗೆ ಅದರಿಂದ ಯಾವ ನಂಬಿಕೆಯೂ ಹುಟ್ಟುವುದಿಲ್ಲ, ನಾನು ಬಿಡಿಸಲೇಬೇಕಾದವಳು. ಪಕ್ಕದಲ್ಲಿ ಕೂತವಳು, ನಿನ್ನೆಯವರೆಗೆ ತನ್ನ ಜೊತೆಯೇ ತಡವರಿಸುತ್ತಿದ್ದವಳು, ಇಂದು ಬಿಡಿಸಿದರೆ ಹುಟ್ಟುತ್ತದೆ.

ಗಣಿತ ತರಗತಿಯಲ್ಲಿ ಸಹಾಯ ಕೇಳುವ ಬಗ್ಗೆಯೇ ಆಲಿಸನ್ ರಯಾನ್ ಮತ್ತು ಪಾಲ್ ಪಿಂಟ್ರಿಚ್ ಎಂಬ ಅಮೆರಿಕದ ಇಬ್ಬರು ಸಂಶೋಧಕರು 1997ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಏಳು, ಎಂಟನೇ ತರಗತಿಯ ಮಕ್ಕಳನ್ನು ನೋಡಿ ಅವರು ಕಂಡುಕೊಂಡದ್ದನ್ನು ನಮ್ಮ ಯಾವ ಹಳ್ಳಿಯ ಶಾಲೆಯಲ್ಲಾದರೂ ಕಾಣಬಹುದು: ತನ್ನ ಕಲಿಕೆಯ ಬಗ್ಗೆ ಅಳುಕಿರುವ ಮಗುವಿಗೆ ಸಹಾಯ ಕೇಳುವುದೇ ಹೆಚ್ಚು ಅಪಾಯವೆನಿಸುತ್ತದೆ, ಸಹಪಾಠಿಗಳ ನಡುವೆ ತನಗೊಂದು ಜಾಗವಿದೆ ಎಂದು ನಂಬಿದ ಮಗುವಿಗೆ ಅವರೆದುರು ಕೇಳುವ ಭಯ ಕಡಿಮೆ. ಬಾಯಾರಿದವರೇ ಬಾವಿಯ ಹತ್ತಿರ ಸುಳಿಯದಂತಾಗುವ ಈ ಸ್ಥಿತಿ ನನ್ನನ್ನು ಬಹಳ ಕಾಡಿದೆ. ಕಲಿಕೆಯಲ್ಲಿ ಹಿಂದುಳಿದವರೆಂದು ನಾವು ‘ಸಿ’ ಗುಂಪಿನಲ್ಲಿ ಪಟ್ಟಿ ಮಾಡುವ ಮಕ್ಕಳನ್ನು ಬೆಳಿಗ್ಗೆ ಎಂಟೂವರೆಗೆ ಪ್ರತ್ಯೇಕವಾಗಿ ಕೂರಿಸಿ, ‘ಪಾಸಿಂಗ್ ಪ್ಯಾಕೇಜ್’ ಎಂದು ಕೆಲವೇ ಪಾಠಗಳನ್ನು ತಿರುಗಿಸಿ ಮುರುಗಿಸಿ ಹೇಳಿಕೊಡುತ್ತೇವೆ. ಅದರಿಂದ ಉಪಯೋಗವಿಲ್ಲ ಎನ್ನಲಾರೆ, ಪಾಸಿನ ಅಂಕ ಮುಟ್ಟಿದವರನ್ನು ಕಣ್ಣಾರೆ ಕಂಡಿದ್ದೇನೆ. ಆದರೆ ಆ ಮಕ್ಕಳನ್ನು ಅವರ ಗೆಳೆಯರಿಂದ ಬಿಡಿಸಿ ತಂದು, ನೀವೆಲ್ಲ ಒಂದೇ ಬಗೆಯವರು ಎಂದು ಹೆಸರಿಟ್ಟು ಕೂರಿಸಿದ ಕೂಡಲೇ ಅವರಲ್ಲಿ ಅಳಿದುಳಿದ ನಂಬಿಕೆಯೂ ಕರಗುತ್ತದೆ. ಆ ಬೆಳಗಿನ ತರಗತಿಯಲ್ಲಿ ಯಾರೂ ಯಾವ ಪ್ರಶ್ನೆಯನ್ನೂ ಕೇಳುವುದಿಲ್ಲ. ಬರೆದುಕೊಳ್ಳುತ್ತಾರೆ, ಅಷ್ಟೆ.

ತರಗತಿಯ ಮೊದಲಿಗರೂ ಕೇಳುವುದಿಲ್ಲ ಎಂಬುದನ್ನು ನಾನು ತಡವಾಗಿ ಗಮನಿಸಿದೆ. 625ಕ್ಕೆ ಎಷ್ಟು ಎಂಬ ಲೆಕ್ಕ ಮನೆಯಲ್ಲಿ ಪ್ರತಿದಿನ ನಡೆಯುವ ಹುಡುಗಿಗೆ, ತನಗೊಂದು ವಿಷಯ ಗೊತ್ತಿಲ್ಲ ಎಂದು ಒಪ್ಪಿಕೊಳ್ಳುವುದು ಹಿಂದಿನ ಬೆಂಚಿನವರಿಗಿಂತ ಕಷ್ಟ. ಎಲ್ಲರೂ ಅವಳ ಬಳಿ ಕೇಳಲು ಬರುತ್ತಾರೆ, ಅವಳು ಯಾರ ಬಳಿ ಹೋಗಬೇಕು? ಇಂಥವರಿಗೆ ಗೆಳತಿಯರಿಗಿಂತ ಪ್ರತಿಸ್ಪರ್ಧಿಗಳೇ ಹೆಚ್ಚು, ಮತ್ತು ಆ ಸ್ಪರ್ಧೆಯನ್ನು ಹಚ್ಚಿದವರು ಬಹುಮಟ್ಟಿಗೆ ದೊಡ್ಡವರಾದ ನಾವೇ.

ಗೆಳೆತನವೆಲ್ಲ ಒಳಿತನ್ನೇ ಮಾಡುತ್ತದೆ ಎಂದು ನಾನು ಹೇಳುತ್ತಿಲ್ಲ. ಪರೀಕ್ಷೆಯ ಕೊಠಡಿಯ ಬಗ್ಗೆ ಮಾತಾಡುವಾಗ ನಮ್ಮ ಮಕ್ಕಳ ಭಾಷೆಯಲ್ಲಿ ‘ಹೆಲ್ಪ್ ಮಾಡು’ ಎಂದರೆ ‘ತೋರಿಸು’ ಎಂದೇ ಅರ್ಥವಾಗಿಬಿಟ್ಟಿದೆ. “ಅವ್ನು ತೋರಿಸ್ಲಿಲ್ಲ, ಅವನೆಂಥ ಫ್ರೆಂಡು” ಎಂಬ ಜಗಳಗಳನ್ನು ಬಿಡಿಸಿದ್ದೇನೆ. ತನ್ನ ಉತ್ತರವನ್ನು ತೋರಿಸದ ಹುಡುಗನೊಬ್ಬನನ್ನು ಅವನ ಗುಂಪು ಇಡೀ ಮಾರ್ಚ್ ತಿಂಗಳು ಮಾತಾಡಿಸದೆ ಬಿಟ್ಟಿತ್ತು. ಶರೋನ್ ನೆಲ್ಸನ್-ಲೆ ಗಾಲ್ ಎಂಬ ಸಂಶೋಧಕಿ 1981ರಲ್ಲಿಯೇ ಸಹಾಯ ಕೇಳುವುದರಲ್ಲಿ ಎರಡು ಬಗೆಯನ್ನು ಗುರುತಿಸಿದ್ದರು: ಮುಂದೆ ತಾನೇ ಮಾಡಬಲ್ಲವನಾಗಲು ದಾರಿಯನ್ನು ಕೇಳುವುದು ಒಂದು, ಈ ಹೊತ್ತಿನ ಕೆಲಸವನ್ನು ಇನ್ನೊಬ್ಬರಿಂದ ಮಾಡಿಸಿಕೊಳ್ಳುವುದು ಇನ್ನೊಂದು. ನೋಟ್ಸ್ ನೋಡಿ ಬರೆದುಕೊಳ್ಳುವಾಗ ಶುರುವಾಗುವ ಎರಡನೆಯ ಬಗೆ ಪರೀಕ್ಷಾ ಕೊಠಡಿಯವರೆಗೂ ಬೆಳೆಯುತ್ತದೆ. 2024ರಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಹಾಕಿ ವೆಬ್‌ಕಾಸ್ಟಿಂಗ್ ಮಾಡಿದಾಗ, ಹಿಂದಿನ ವರ್ಷ ಶೇ 83.89 ಇದ್ದ ರಾಜ್ಯದ ಫಲಿತಾಂಶ ಶೇ 73.40ಕ್ಕೆ ಬಂತು, ಅದೂ ಕೃಪಾಂಕವನ್ನು ಹೆಚ್ಚಿಸಿದ ಮೇಲೆ. ಆ ಕುಸಿತವನ್ನು ಕಂಡು ಬೇಸರಪಟ್ಟವರು ಬಹಳ. ನನಗೆ ಅನ್ನಿಸಿದ್ದು ಇಷ್ಟು: ಜೂನ್‌ನಿಂದ ಮಾರ್ಚ್‌ವರೆಗೆ ಕೇಳಬೇಕಾಗಿದ್ದ ಸಹಾಯವನ್ನು ಕೇಳದೆ, ಮೂರು ಗಂಟೆಯಲ್ಲಿ ಪಕ್ಕದವನಿಂದ ಪಡೆಯಬಹುದು ಎಂದು ನಂಬಿಕೊಂಡಿದ್ದ ಮಕ್ಕಳನ್ನು ಹಾಗೆ ನಂಬಲು ಬಿಟ್ಟವರಲ್ಲಿ ನಾವು ಶಿಕ್ಷಕರೂ ಇದ್ದೇವೆ.

ಇನ್ನೊಂದು ಬಗೆಯ ಗೆಳೆತನವೂ ಇದೆ, ಅದರಲ್ಲಿ ಕೇಳುವುದೇ ಅಪರಾಧ. ಹುಡುಗರ ಕೆಲವು ಗುಂಪುಗಳಲ್ಲಿ ಮೇಷ್ಟ್ರ ಬಳಿ ಹೋಗಿ ಲೆಕ್ಕ ಕೇಳಿದವನಿಗೆ ‘ಕುಡುಮಿ’ ಎಂಬ ಬಿರುದು ಕಾದಿರುತ್ತದೆ. ಅಂಥ ಗುಂಪಿನ ಹುಡುಗನೊಬ್ಬ ಶಾಲೆಯಲ್ಲಿ ನನ್ನ ಕಣ್ಣು ತಪ್ಪಿಸುತ್ತಿದ್ದವನು, ಭಾನುವಾರ ನಮ್ಮ ಮನೆಗೆ ಹಾಲು ಹಾಕಲು ಬಂದಾಗ ಕ್ಯಾನು ಕೆಳಗಿಟ್ಟು ತ್ರಿಕೋನಮಿತಿಯ ಲೆಕ್ಕ ಕೇಳುತ್ತಿದ್ದ. ಜಗಲಿಯ ಮೇಲೆ ಕೂತು ಮೂರು ಭಾನುವಾರ ಹೇಳಿಕೊಟ್ಟೆ. ನಾಲ್ಕನೆಯ ಭಾನುವಾರ ಅವನ ಜೊತೆ ಅದೇ ಗುಂಪಿನ ಇನ್ನೊಬ್ಬನೂ ಬಂದಿದ್ದ, ಕೈಯಲ್ಲಿ ನೋಟ್‌ಬುಕ್ಕಿಲ್ಲದೆ, ಸುಮ್ಮನೆ ಜೊತೆಗೆ ಬಂದವನಂತೆ. ಆ ಹುಡುಗರು ಒಟ್ಟಿಗೆ ಬಂದರೆ ನಾನು ಯಾವತ್ತೂ “ಏನಪ್ಪಾ, ಈಗ ಜ್ಞಾನೋದಯವಾಯಿತೇ?” ಎನ್ನುವುದಿಲ್ಲ. ಹಿಂದೊಮ್ಮೆ ಬೇರೊಬ್ಬ ಹುಡುಗನಿಗೆ ಅಂದಿದ್ದೆ. ಅಂದವಳ ಬಳಿಗೆ ಆ ಹುಡುಗ ಮತ್ತೆ ಬರಲಿಲ್ಲ.

ಇಷ್ಟು ಬರೆಯುವಾಗ ನನ್ನದೇ ಅನುಭವವನ್ನು ಹೇಳದಿದ್ದರೆ ತಪ್ಪಾಗುತ್ತದೆ. ಕನ್ನಡ ಮಾಧ್ಯಮದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ, ಶಾಲೆಗೆ ಎರಡನೆಯವಳಾಗಿ, ಜಿಲ್ಲಾ ಕೇಂದ್ರದ ಕಾಲೇಜೊಂದರಲ್ಲಿ ಪಿಯುಸಿ ವಿಜ್ಞಾನಕ್ಕೆ ಸೇರಿದೆ. ಭೌತಶಾಸ್ತ್ರದ ಪಾಠ ಇಂಗ್ಲಿಷಿನಲ್ಲಿ. ‘ವೇಗೋತ್ಕರ್ಷ’ ಎಂದರೆ ಏನೆಂದು ನನಗೆ ಚೆನ್ನಾಗಿ ಗೊತ್ತಿತ್ತು, ಆದರೆ ಉಪನ್ಯಾಸಕರು ‘ಆಕ್ಸಲರೇಷನ್’ ಎಂದಾಗ ಅದು ನನ್ನ ವೇಗೋತ್ಕರ್ಷವೇ ಎಂದು ತಿಳಿಯಲು ಎರಡು ವಾರ ಹಿಡಿಯಿತು. ಆ ಎರಡು ವಾರದಲ್ಲಿ ಒಂದು ಅಧ್ಯಾಯವೇ ಮುಗಿದಿತ್ತು. ಊರಿನ ಗೆಳತಿಯರೆಲ್ಲ ಕಲಾ ವಿಭಾಗಕ್ಕೋ ಮದುವೆಗೋ ಹೋಗಿದ್ದರು. ಮೊದಲ ಕಿರುಪರೀಕ್ಷೆಯಲ್ಲಿ 25ಕ್ಕೆ 6 ಬಂತು. ಹಾಸ್ಟೆಲಿನ ಮಂಚದ ಮೇಲೆ ಕೂತು, ಇಡೀ ತರಗತಿಯಲ್ಲಿ ದಡ್ಡಿಯೆಂದರೆ ನಾನೊಬ್ಬಳೇ ಎಂದು ತೀರ್ಮಾನಿಸಿಕೊಂಡೆ. ಕೇಳಲು ಹೋದರೆ ಪ್ರಶ್ನೆಯನ್ನೂ ಇಂಗ್ಲಿಷಿನಲ್ಲಿ ಕೇಳಬೇಕೇನೋ ಎಂಬ ಭಯ ಬೇರೆ. ದೀಪಾವಳಿಗೆ ಊರಿಗೆ ಹೋಗಿ, ಕಾಲೇಜು ಬಿಡುತ್ತೇನೆ ಎಂದು ಅಮ್ಮನ ಮುಂದೆ ಅತ್ತದ್ದೂ ಉಂಟು.

ನನ್ನನ್ನು ಉಳಿಸಿದವಳು ಪಕ್ಕದ ಮಂಚದ ಹುಡುಗಿ. ಅವಳು ನನಗಿಂತ ಜಾಣೆಯೇನಲ್ಲ, ಅವಳಿಗೆ 25ಕ್ಕೆ 7 ಬಂದಿತ್ತು. ಒಂದು ರಾತ್ರಿ ದೀಪ ಆರಿಸಿದ ಮೇಲೆ ಕತ್ತಲಲ್ಲಿ ಅವಳೇ ಹೇಳಿದಳು, “ನಂಗೆ ಏನೂ ಗೊತ್ತಾಗ್ತಿಲ್ಲ ಕಣೇ, ನೀನಾದ್ರೆ ದಿನಾ ಬರ್ಕೋತೀಯ.” ಅವಳ ಕಣ್ಣಿಗೆ ನಾನು ಎಲ್ಲ ತಿಳಿದವಳಂತೆ ಕಾಣುತ್ತಿದ್ದೆ! ಆ ರಾತ್ರಿ ಇಬ್ಬರೂ ಬಹಳ ಹೊತ್ತು ಮಾತಾಡಿದೆವು. ಮರುದಿನದಿಂದ ಒಂದು ಇಂಗ್ಲಿಷ್–ಕನ್ನಡ ಪದಪಟ್ಟಿ ಬರೆಯಲು ತೊಡಗಿದೆವು. ವಾರ ಕಳೆದ ಮೇಲೆ ಉಪನ್ಯಾಸಕರ ಕೊಠಡಿಯ ಬಾಗಿಲಲ್ಲಿ ಅವಳು ಅರ್ಧ ಹೆಜ್ಜೆ ಮುಂದೆ, ನಾನು ಹಿಂದೆ. “ಸರ್, ಇವಳಿಗೊಂದು ಡೌಟಂತೆ” ಎಂದಳು, ಕನ್ನಡದಲ್ಲಿಯೇ. ಉಪನ್ಯಾಸಕರು ಕುರ್ಚಿ ಎಳೆದು ಕೂರಿಸಿ, ಕನ್ನಡದಲ್ಲಿಯೇ ಹೇಳಿಕೊಟ್ಟರು. ಅವರು ಜೂನ್ ತಿಂಗಳಿಂದಲೂ ಅಲ್ಲೇ ಕೂತಿದ್ದರು, ಬಾಗಿಲೂ ತೆರೆದೇ ಇತ್ತು.

ಹೀಗೆ ಒಬ್ಬೊಬ್ಬರೂ ತಾನೊಬ್ಬನೇ ಎಂದುಕೊಂಡು ಕೂರುವುದು ಎಷ್ಟು ದುಬಾರಿ ಎಂಬುದಕ್ಕೆ ಅಮೆರಿಕದ ಗಣಿತ ಶಿಕ್ಷಣತಜ್ಞ ಯೂರಿ ಟ್ರೈಸ್‌ಮನ್ ಅವರ ಕೆಲಸಕ್ಕಿಂತ ಒಳ್ಳೆಯ ಸಾಕ್ಷ್ಯ ನನಗೆ ಸಿಕ್ಕಿಲ್ಲ. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಅವರು ಕಲನಶಾಸ್ತ್ರ ಓದುತ್ತಿದ್ದ 20 ಕಪ್ಪು ವಿದ್ಯಾರ್ಥಿಗಳನ್ನೂ 20 ಚೀನೀ ಮೂಲದ ವಿದ್ಯಾರ್ಥಿಗಳನ್ನೂ ಹಿಂಬಾಲಿಸಿ, ಅವರು ಹೇಗೆ ಓದುತ್ತಾರೆಂದು ಹತ್ತಿರದಿಂದ ನೋಡಿದರು. ಮೊದಲ ಗುಂಪಿನವರು ಸೋಲುತ್ತಿದ್ದುದಕ್ಕೆ ಆಸಕ್ತಿಯ ಕೊರತೆ, ಬಡತನ, ಮನೆಯ ಬೆಂಬಲವಿಲ್ಲದಿರುವುದು ಎಂದೆಲ್ಲ ಅಲ್ಲಿನ ಅಧ್ಯಾಪಕರು ಊಹಿಸಿದ್ದರು; ಅದಾವುದೂ ನಿಲ್ಲಲಿಲ್ಲ. ಕಣ್ಣಿಗೆ ಬಿದ್ದದ್ದು ಇದು: ಕಪ್ಪು ವಿದ್ಯಾರ್ಥಿಗಳಲ್ಲಿ 20ರಲ್ಲಿ 18 ಮಂದಿ ಸಹಪಾಠಿಗಳ ಜೊತೆ ಕೂತು ಓದುತ್ತಲೇ ಇರಲಿಲ್ಲ. ಒಂಟಿಯಾಗಿ, ಶ್ರದ್ಧೆಯಿಂದ, ಗಂಟೆಗಟ್ಟಲೆ ಓದುತ್ತಿದ್ದರು. ಚೀನೀ ಮೂಲದವರು ತಾವೂ ಓದಿಕೊಂಡು, ಆಮೇಲೆ ಒಟ್ಟಿಗೆ ಸೇರಿ ಉತ್ತರ ತಾಳೆ ನೋಡುತ್ತಿದ್ದರು. ಒಂದು ಲೆಕ್ಕ ಯಾರಿಗೂ ಬಾರದಿದ್ದರೆ ಅದು ನಿಜವಾಗಿಯೂ ಕಠಿಣ, ಅದನ್ನು ಕೇಳುವುದರಲ್ಲಿ ನಾಚಿಕೆಯಿಲ್ಲ ಎಂದು ಅವರಿಗೆ ತಿಳಿಯುತ್ತಿತ್ತು. ಒಂಟಿಯಾಗಿ ಓದುವವನಿಗೆ ಅದು ತಿಳಿಯುವ ದಾರಿಯೇ ಇಲ್ಲ. ಟ್ರೈಸ್‌ಮನ್ ಇದರಿಂದ ‘ಹಿಂದುಳಿದವರಿಗೆ ಪರಿಹಾರ ಬೋಧನೆ’ಯನ್ನು ಶುರುಮಾಡಲಿಲ್ಲ, ಕಠಿಣ ಲೆಕ್ಕಗಳನ್ನು ಕೊಟ್ಟು ಒಟ್ಟಿಗೆ ಕೂತು ಬಿಡಿಸುವ ಕಾರ್ಯಾಗಾರಗಳನ್ನು ಕಟ್ಟಿದರು. ನಮ್ಮ ‘ಸಿ’ ಗುಂಪಿನ ಬೆಳಗಿನ ತರಗತಿಗೂ ಅದಕ್ಕೂ ಇರುವ ವ್ಯತ್ಯಾಸವನ್ನು ಓದಿದ ದಿನ ನನಗೆ ನಿದ್ದೆ ಬರಲಿಲ್ಲ.

ಆ ಮೇಲೆ ನಾನು ಮಾಡಿಕೊಂಡ ಬದಲಾವಣೆಗಳು ದೊಡ್ಡವೇನಲ್ಲ, ಎಲ್ಲವೂ ಫಲಿಸಲೂ ಇಲ್ಲ. ತರಗತಿಯ ಮೂಲೆಯಲ್ಲಿ ಪ್ರಶ್ನೆಪೆಟ್ಟಿಗೆ ಇಟ್ಟೆ, ಹೆಸರು ಬರೆಯದೆ ಚೀಟಿ ಹಾಕಿ ಎಂದೆ. ಯಾರ ಅಕ್ಷರ ಯಾರದೆಂದು ಎಲ್ಲರಿಗೂ ಗೊತ್ತಿದ್ದುದರಿಂದ ಪೆಟ್ಟಿಗೆ ಖಾಲಿಯೇ ಉಳಿಯಿತು. ಬುದ್ಧಿವಂತರನ್ನು ಗುಂಪಿನ ನಾಯಕರನ್ನಾಗಿ ಮಾಡಿದೆ, ಅವರು ಸಣ್ಣ ಮೇಷ್ಟ್ರುಗಳಾದರು, “ಇಷ್ಟೂ ಗೊತ್ತಾಗಲ್ವಾ?” ಎಂಬ ನನ್ನದೇ ಹಳೆಯ ಮಾತು ಅವರ ಬಾಯಲ್ಲಿ ಕೇಳಿಸಿತು. ಫಲಿಸಿದ್ದು ಜೋಡಿಗಳು. ಒಂದೇ ಬಸ್ಸಿನಲ್ಲಿ ಬರುವವರನ್ನೋ, ಒಂದೇ ಬೀದಿಯವರನ್ನೋ, ಕಲಿಕೆಯಲ್ಲಿ ಒಬ್ಬರಿಗಿಂತ ಒಬ್ಬರು ಒಂದು ಗೇಣು ಮಾತ್ರ ಮುಂದಿರುವವರನ್ನೋ ನೋಡಿ ಇಬ್ಬಿಬ್ಬರನ್ನು ಕೂರಿಸುತ್ತೇನೆ. ಪಾಠ ಮುಗಿಯಲು ಐದು ನಿಮಿಷ ಇರುವಾಗ “ಅರ್ಥವಾಯಿತೇ?” ಎಂದು ಕೇಳುವುದನ್ನು ಬಿಟ್ಟು, “ಇಬ್ಬರೂ ಸೇರಿ ಒಂದು ಪ್ರಶ್ನೆ ಬರೆದುಕೊಡಿ” ಎನ್ನುತ್ತೇನೆ. ಪ್ರಶ್ನೆ ಯಾರದೆಂದು ನಾನು ವಿಚಾರಿಸುವುದಿಲ್ಲ. ಮೊದಲ ವಾರ “ಎಲ್ಲ ಅರ್ಥವಾಗಿದೆ ಮೇಡಂ, ಧನ್ಯವಾದಗಳು” ಎಂಬ ಚೀಟಿಗಳೇ ಬಂದವು. ಮೂರನೆಯ ವಾರ ಒಂದು ಚೀಟಿಯಲ್ಲಿ ಹೀಗಿತ್ತು: “ಎರಡನೇ ಸಾಲಿನಿಂದ ಮೂರನೇ ಸಾಲಿಗೆ ಹೇಗೆ ಹೋದಿರಿ?” ಅಷ್ಟು ನಿಖರವಾದ ಪ್ರಶ್ನೆಯನ್ನು ಆ ತರಗತಿ ಅದುವರೆಗೆ ಕೇಳಿರಲಿಲ್ಲ. ಆ ಚೀಟಿಯನ್ನು ನನ್ನ ಹಾಜರಿ ಪುಸ್ತಕದ ರಟ್ಟಿನೊಳಗೆ ಇಟ್ಟುಕೊಂಡಿದ್ದೇನೆ.

ಪರೀಕ್ಷೆಗೆ ಹೋಗುವ ಮುನ್ನ ಇನ್ನೊಂದು ಅಭ್ಯಾಸವನ್ನೂ ಮಾಡಿಸುತ್ತೇನೆ. ಎಸ್ಸೆಸ್ಸೆಲ್ಸಿಯಲ್ಲಿ ಎಷ್ಟೋ ಮಕ್ಕಳು ಬೇರೆ ಶಾಲೆಯ ಕೇಂದ್ರದಲ್ಲಿ, ಗುರುತಿಲ್ಲದ ಮೇಲ್ವಿಚಾರಕರ ಮುಂದೆ, ಗೆಳೆಯರಿಲ್ಲದ ಬೆಂಚಿನಲ್ಲಿ ಕೂರುತ್ತಾರೆ. ಅಲ್ಲಿ ‘ಅಂತೆ’ ಎನ್ನಲು ಯಾರೂ ಇರುವುದಿಲ್ಲ. ಆದ್ದರಿಂದ ಪ್ರತಿಯೊಬ್ಬರೂ ಎದ್ದು ನಿಂತು “ಸರ್, ನನಗೆ ಗ್ರಾಫ್ ಹಾಳೆ ಬಂದಿಲ್ಲ”, “ಮೇಡಂ, ಈ ಪುಟದ ಮುದ್ರಣ ಕಾಣುತ್ತಿಲ್ಲ”, “ಸರ್, ನೀರು ಬೇಕು” ಎಂದು ಗಟ್ಟಿಯಾಗಿ ಹೇಳಿ ಅಭ್ಯಾಸ ಮಾಡುತ್ತಾರೆ. ಮೊದಮೊದಲು ನಗುತ್ತಾರೆ, ನಗಲಿ. ಪ್ರಶ್ನೆಪತ್ರಿಕೆ ಓದಿಕೊಳ್ಳಲು ಕೊಡುವ 15 ನಿಮಿಷದಲ್ಲಿ ಪುಟಗಳನ್ನೆಲ್ಲ ತಿರುವಿ ನೋಡಿ, ಕೊರತೆ ಇದ್ದರೆ ಆಗಲೇ ಕೈಯೆತ್ತಬೇಕು ಎಂದೂ ಹೇಳಿಕೊಡುತ್ತೇನೆ.

2023–24ನೇ ಸಾಲಿನಲ್ಲಿ ವರ್ಷಕ್ಕೆ ಮೂರು ಪರೀಕ್ಷೆಗಳ ವ್ಯವಸ್ಥೆ ಬಂದಾಗ ಮೊದಲ ಪರೀಕ್ಷೆಯಲ್ಲಿ ಸೋತ ಮಕ್ಕಳಿಗೆ ಅದೇ ವರ್ಷ ಇನ್ನೆರಡು ಅವಕಾಶಗಳು ಸಿಕ್ಕವು. ಇದನ್ನು ನಾನು ಮನಸಾರೆ ಒಪ್ಪುತ್ತೇನೆ. ಆದರೆ ಬೇಸಿಗೆಯಲ್ಲಿ ನಡೆಸುವ ವಿಶೇಷ ತರಗತಿಗೆ ಯಾರು ಬರುತ್ತಾರೆ, ಯಾರು ಬರುವುದಿಲ್ಲ ಎಂದು ನೋಡಿದರೆ ಅಲ್ಲೂ ಅದೇ ಕಥೆ. ಇಬ್ಬರು ಗೆಳೆಯರು ಒಟ್ಟಿಗೆ ಫೇಲಾಗಿದ್ದರೆ ಒಟ್ಟಿಗೆ ಬರುತ್ತಾರೆ. ಗೆಳೆಯರೆಲ್ಲ ಪಾಸಾಗಿ ತಾನೊಬ್ಬನೇ ಉಳಿದವನು ಬರುವುದಿಲ್ಲ; ಹೊಲಕ್ಕೋ ಗಾರೆ ಕೆಲಸಕ್ಕೋ ಹೋಗುತ್ತಾನೆ, ಶಾಲೆಯ ಮುಂದಿನ ರಸ್ತೆಯನ್ನೂ ತಪ್ಪಿಸಿ ನಡೆಯುತ್ತಾನೆ. ಫಲಿತಾಂಶದ ದಿನ ಮನಸ್ಸು ತೀರಾ ಕುಗ್ಗಿದ ಮಕ್ಕಳಿಗಾಗಿ 14416 ಎಂಬ ಟೆಲಿ-ಮಾನಸ್ ಉಚಿತ ಸಹಾಯವಾಣಿ 2022ರ ಅಕ್ಟೋಬರಿನಿಂದ ಇದೆ, ಅಲ್ಲಿ ಕನ್ನಡದಲ್ಲಿ ಮಾತಾಡಬಹುದು. ಆ ಸಂಖ್ಯೆಯನ್ನು ಕರಿಹಲಗೆಯ ಮೇಲೆ ಬರೆಸುವಾಗ ನಾನು “ನಿಮಗೆ ಬೇಕಾದರೆ ಕರೆ ಮಾಡಿ” ಎನ್ನುವುದಿಲ್ಲ, “ನಿಮ್ಮ ಗೆಳೆಯ ಮಂಕಾಗಿದ್ದರೆ ನೀವು ನಂಬರ್ ಒತ್ತಿ ಅವನ ಕೈಗೆ ಫೋನ್ ಕೊಡಿ” ಎನ್ನುತ್ತೇನೆ. ಒಬ್ಬ ಹುಡುಗ ಹಾಗೆ ಮಾಡಿದ್ದು ನನಗೆ ಗೊತ್ತು.

ಈ ವರ್ಷ ನನ್ನ ಯೋಚನೆಯೆಲ್ಲ ಒಂಬತ್ತನೇ ತರಗತಿಯ ಹುಡುಗನೊಬ್ಬನ ಮೇಲಿದೆ. ಅಪ್ಪ ಅಮ್ಮ ಉತ್ತರ ಕರ್ನಾಟಕದಿಂದ ಇಲ್ಲಿನ ಕಾಫಿ ತೋಟದ ಕೆಲಸಕ್ಕೆ ಬಂದವರು, ಇವನು ವರ್ಷದ ನಡುವೆ ಸೇರಿದವನು. ಬಂದ ಎರಡನೆಯ ದಿನ, ನಾನು ಬಹುಪದೋಕ್ತಿಗಳ ಪಾಠ ಮುಗಿಸಿ ಮಕ್ಕಳ ಕಡೆ ತಿರುಗಿದಾಗ, ಯಾರ ಮರೆಯೂ ಇಲ್ಲದೆ, ‘ಡೌಟು’ ಎಂಬ ಆಸರೆಯೂ ಇಲ್ಲದೆ, ಎದ್ದು ನಿಂತು “ತಿಳೀವಲ್ದ್ರೀ ಮೇಡಂ” ಎಂದ. 22 ವರ್ಷಗಳಲ್ಲಿ ಅಷ್ಟು ನೇರವಾಗಿ ಆ ಮಾತನ್ನು ನನಗೆ ಹೇಳಿದ ಮಕ್ಕಳು ಬೆರಳೆಣಿಕೆಯಷ್ಟು. ಅವನ ಮಾತಿನ ಧಾಟಿಗೆ ಇಡೀ ತರಗತಿ ನಕ್ಕಿತು. ನಾನು ಗದರಿದೆ, ನಗು ನಿಂತಿತು, ಪಾಠವನ್ನು ಮತ್ತೆ ಹೇಳಿದೆ. ಆದರೆ ಅವನು ಆ ದಿನದಿಂದ ಎದ್ದು ನಿಂತಿಲ್ಲ. ಗದರಿದ್ದರಿಂದ ತರಗತಿ ಸುಮ್ಮನಾಯಿತೇ ಹೊರತು ಅವನ ಪಾಲಿಗೆ ಒಬ್ಬ ಗೆಳೆಯ ಹುಟ್ಟಲಿಲ್ಲ. ಎರಡು ಜೋಡಿಗಳನ್ನು ಬದಲಿಸಿ ನೋಡಿದೆ, ಕೂಡಲಿಲ್ಲ. ಕಳೆದ ವಾರ ಅವನನ್ನು ತೋಟದ ದಾರಿಯಿಂದಲೇ ಬರುವ ಇನ್ನೊಬ್ಬ ಹುಡುಗನ ಪಕ್ಕ ಕೂರಿಸಿದ್ದೇನೆ, ಅವನೂ ಮಾತು ಕಡಿಮೆಯವನು. ಗುರುವಾರ ಸಂಜೆ ನಾನು ಬಸ್ಸಿಗೆ ಕಾಯುತ್ತಿದ್ದಾಗ ರಸ್ತೆಯಾಚೆ, ಹಾಲಿನ ಡೈರಿಯ ಕಟ್ಟೆಯ ಮೇಲೆ ಇಬ್ಬರೂ ಕೂತಿದ್ದರು. ಒಬ್ಬನ ತೊಡೆಯ ಮೇಲೆ ರಫ್ ನೋಟು ಬಿಚ್ಚಿತ್ತು. ಅವರೇನು ಮಾತಾಡುತ್ತಿದ್ದರೋ ನನಗೆ ಕೇಳಿಸಲಿಲ್ಲ.